ಆಡುಮಾತಿನ ಅರಬ್ಬಿಯಲ್ಲಿ ಸರ್ವನಾಮ ಉಳಿದುಕೊಂಡರೆ ‘ದ್ವೀಪ’ದ ನಿಯಮ ಇಲ್ಲವೇ ಇಲ್ವಾ?

ಮರಳುದಾರಿ ಕೇಳಿದ್ದು:

ನಾನು ಶಾರ್ಜಾದಲ್ಲಿದ್ದೇನೆ. ಚಿಕ್ಕಂದಿನಲ್ಲಿ ಕರಾವಳಿಯ ಮದರಸಾದಲ್ಲಿ ಓದು ಬರಹದ ಅರಬ್ಬಿ ಕಲಿತಿದ್ದೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲಿ ಲೆಬನಾನ್ ಮತ್ತು ಪ್ಯಾಲೆಸ್ತೀನ್ ಕಡೆಯವರು ಜಾಸ್ತಿ, ಅವರ ಮನೆಮಾತು ಬೇರೆಯೇ. ಈಚೆಗೆ ವಾಕ್ಯರಚನೆಯ ಬಗ್ಗೆ ಓದಲು ಶುರು ಮಾಡಿದ ಮೇಲೆ ಅವರಾಡುವ ವಾಕ್ಯಗಳನ್ನು ಬಿಡಿಸಿ ನೋಡುವುದು ಅಭ್ಯಾಸವಾಗಿದೆ, ಅದರಿಂದ ಹುಟ್ಟಿದ ಪ್ರಶ್ನೆ ಇದು.

ಓದಿದ್ದು ಇಷ್ಟು. ವಾಕ್ಯದೊಳಗಿನ ಒಂದು ಪದವನ್ನು ಮುಂದಕ್ಕೆ ತಂದರೆ ಅದಿದ್ದ ಜಾಗ ಖಾಲಿಯಾಗುತ್ತದೆ. ಆದರೆ ಕೆಲವು ರಚನೆಗಳ ಒಳಗಿಂದ ಯಾವ ಪದವನ್ನೂ ಹೊರಗೆ ತರಲು ಆಗುವುದಿಲ್ಲ. ಜಾನ್ ರಾಸ್ ಅನ್ನುವವರು 1967ರ ತಮ್ಮ ಎಂಐಟಿ ಪ್ರಬಂಧದಲ್ಲಿ ಇವನ್ನು ‘ದ್ವೀಪ’ ಎಂದು ಕರೆದರು. ಇಂಗ್ಲಿಷಿನಲ್ಲಿ ‘ನಾನು ಓದಿದ ಪುಸ್ತಕ’ ಅನ್ನಬಹುದು, ಆದರೆ ‘ಆ ಪುಸ್ತಕ, ಯಾವುದನ್ನು ಬರೆದವರು ನನಗೆ ಗೊತ್ತೋ ಅದು’ ಅನ್ನುವ ಅರ್ಥವನ್ನು ಒಂದೇ ಗುಣವಾಕ್ಯದಲ್ಲಿ (ನಾಮಪದವನ್ನು ಬಣ್ಣಿಸುವ ಉಪವಾಕ್ಯದಲ್ಲಿ) ಜಾಗ ಖಾಲಿ ಬಿಟ್ಟು ಹೇಳಲು ಹೋದರೆ ವಾಕ್ಯ ಕೆಡುತ್ತದೆ. ಗುಣವಾಕ್ಯದೊಳಗೆ ಇನ್ನೊಂದು ಗುಣವಾಕ್ಯ ಇದೆ, ಅದು ದ್ವೀಪ.

ನನ್ನ ಸಹೋದ್ಯೋಗಿಗಳು ಇದನ್ನೇ ಸಲೀಸಾಗಿ ಹೇಳುತ್ತಾರೆ:

ಲ್-ಕ್ತಾಬ್ ಯಲ್ಲಿ ಬಅರಿಫ್ ಜ್-ಜಲಮೆ ಯಲ್ಲಿ ಕತಬ್-ಒ

ಪದಕ್ಕೆ ಪದ ಇಟ್ಟರೆ: ಪುಸ್ತಕ, ಯಾವುದು, ನನಗೆ-ಗೊತ್ತು, ಆ ಮನುಷ್ಯ, ಯಾರು, ಬರೆದ-ಅದನ್ನು. (ಅಕ್ಷರಗಳು ಅಂದಾಜಿಗೆ. ಗಂಟಲಿನ ಅರಬ್ಬಿ ಸದ್ದುಗಳನ್ನು ನಮ್ಮ ಲಿಪಿಯಲ್ಲಿ ತೋರಿಸಲು ಆಗುವುದಿಲ್ಲ. ‘ಯಲ್ಲಿ’ಯನ್ನು ಪ್ಯಾಲೆಸ್ತೀನಿನವರು ‘ಇಲ್ಲಿ’ ಅನ್ನುತ್ತಾರೆ, ನಮ್ಮ ‘ಇಲ್ಲಿ’ಯೊಂದಿಗೆ ಕಲಸಿಹೋಗದಿರಲಿ ಅಂತ ನಾನು ಲೆಬನಾನಿನ ರೂಪ ಹಾಕಿದ್ದೇನೆ.)

ಕೊನೆಯ ‘-ಒ’, ಅಂದರೆ ‘ಅದನ್ನು’, ಇದನ್ನೇ ರಿಸಂಪ್ಟಿವ್ ಸರ್ವನಾಮ ಅನ್ನುತ್ತಾರೆ ಅಲ್ವಾ? ಖಾಲಿ ಬಿಡಬೇಕಾದ ಜಾಗದಲ್ಲಿ ಉಳಿದು, ಮೊದಲು ಬಂದ ಪದವನ್ನು ಮತ್ತೆ ನೆನಪಿಸುವ ಸರ್ವನಾಮ. ಹಾಗಾದರೆ ಇದು ಕೆಡಬೇಕಿದ್ದ ವಾಕ್ಯವನ್ನು ರಿಪೇರಿ ಮಾಡುತ್ತಿದೆಯಾ, ಅಥವಾ ಆಡುಮಾತಿನ ಅರಬ್ಬಿಗೆ ದ್ವೀಪದ ನಿಯಮವೇ ಇಲ್ವಾ? ಮದರಸಾದಲ್ಲಿ ಕಲಿತ ಅರಬ್ಬಿಯಲ್ಲಿ ಈ ಸರ್ವನಾಮವನ್ನು ಎಷ್ಟೋ ಕಡೆ ಬಿಡುತ್ತಿದ್ದೆವು. ಇವರು ಮಾತ್ರ ಬಿಡುವುದೇ ಇಲ್ಲ, ಅದೂ ಯಾಕೆ ಅಂತ ತಿಳಿಯಬೇಕು.

ಪದಕಟ್ಟು ಉತ್ತರಿಸಿದ್ದು:

ಒಳ್ಳೆಯ ಪ್ರಶ್ನೆ. ‘ರಿಪೇರಿ’ ಅನ್ನುವ ಮಾತನ್ನು ಮಾತ್ರ ಮೊದಲೇ ಪಕ್ಕಕ್ಕಿಡೋಣ. ರಿಪೇರಿ ಅನ್ನಬೇಕಾದರೆ ಆ ಸರ್ವನಾಮ ತೊಂದರೆ ಇರುವ ಕಡೆ ಮಾತ್ರ ಬರಬೇಕು. ಲೆಬನಾನ್, ಪ್ಯಾಲೆಸ್ತೀನ್ ಕಡೆಯ ಮಾತಿನಲ್ಲಿ ಹಾಗಿಲ್ಲ, ಯಾವ ತೊಂದರೆಯೂ ಇಲ್ಲದ ಸಾದಾ ವಾಕ್ಯದಲ್ಲೂ ಅದು ಬೇಕೇ ಬೇಕು.

ಲ್-ಬಿನ್ತ್ ಯಲ್ಲಿ ಶುಫ್ತ್-ಹಾ. ‘ನಾನು ನೋಡಿದ ಹುಡುಗಿ.’ ಇಲ್ಲಿ ‘-ಹಾ’ ತೆಗೆದು ‘ಲ್-ಬಿನ್ತ್ ಯಲ್ಲಿ ಶುಫ್ತ್’ ಅಂದರೆ ಕೇಳಿದವರಿಗೆ ಏನೋ ಬಿಟ್ಟುಹೋದಂತೆ ಅನಿಸುತ್ತದೆ. ವಿಭಕ್ತಿ ಸೂಚಿಸುವ ಪದದ ಜೊತೆಗೂ ಹಾಗೇ: ಲ್-ಬಿನ್ತ್ ಯಲ್ಲಿ ಫಕ್ಕರ್ತ್ ಫೀ-ಹಾ, ‘ನಾನು ಯೋಚಿಸಿದ ಹುಡುಗಿ’, ಅಕ್ಷರಶಃ ‘ಯೋಚಿಸಿದೆ ಅವಳ-ಬಗ್ಗೆ’. ‘ಅವಳ ಅಪ್ಪ’ ಅನ್ನುವ ಕಡೆಗೂ ಹಾಗೇ: ಲ್-ಬಿನ್ತ್ ಯಲ್ಲಿ ಅಬೂ-ಹಾ ಉಸ್ತಾಜ್, ‘ಅಪ್ಪ ಮೇಷ್ಟ್ರಾಗಿರುವ ಹುಡುಗಿ’. ತಲೆಪದ, ಅಂದರೆ ಗುಣವಾಕ್ಯ ಬಣ್ಣಿಸುವ ನಾಮಪದ, ‘ಒಂದು ಪುಸ್ತಕ’ದಂಥದ್ದಾದರೆ ‘ಯಲ್ಲಿ’ ಬಿದ್ದುಹೋಗುತ್ತದೆ, ಸರ್ವನಾಮ ಮಾತ್ರ ನಿಲ್ಲುತ್ತದೆ: ಕ್ತಾಬ್ ಅರೇತ್-ಒ ಮ್ಬಾರಿಹ್, ‘ನಿನ್ನೆ ಓದಿದ ಒಂದು ಪುಸ್ತಕ’.

ಒಂದೇ ಕಡೆ ಅದು ಬರುವುದಿಲ್ಲ. ಗುಣವಾಕ್ಯದ ಎಲ್ಲಕ್ಕಿಂತ ಮೇಲಿನ ಕರ್ತೃವಿನ ಜಾಗದಲ್ಲಿ. ‘ಮನೆಗೆ ಹೋದ ಹುಡುಗಿ’ ಅನ್ನಲು ‘ಲ್-ಬಿನ್ತ್ ಯಲ್ಲಿ ರಾಹತ್ ಅಲ್-ಬೇತ್’ ಅಂದರೆ ಸಾಕು. ನಡುವೆ ‘ಹಿಯ್ಯೆ’, ಅಂದರೆ ‘ಅವಳು’, ಸೇರಿಸಿದರೆ ವಾಕ್ಯ ಕೆಡುತ್ತದೆ. ಇನ್ನೊಂದು ಉಪವಾಕ್ಯದ ಕೆಳಗೆ ಇಳಿದ ಕೂಡಲೇ ಅದು ಮತ್ತೆ ಬರಬಹುದು: ಲ್-ಬಿನ್ತ್ ಯಲ್ಲಿ ಫಕ್ಕರ್ತ್ ಇನ್ನ್-ಹಾ ರಾಹತ್, ‘ಹೋದಳು ಅಂತ ನಾನು ಅಂದುಕೊಂಡ ಹುಡುಗಿ’. ಹೀಬ್ರೂ, ಐರಿಶ್ ಭಾಷೆಗಳಲ್ಲೂ ಇದೇ ಮಿತಿ ಇದೆ. ಅಷ್ಟು ದೂರದ ಭಾಷೆಗಳಲ್ಲಿ ಒಂದೇ ಮಿತಿ ಕಾಣುತ್ತದೆ ಅಂದರೆ ಇದು ಬಾಯಿತಪ್ಪಿ ಬರುವ ಸರ್ವನಾಮ ಅಲ್ಲ, ವ್ಯಾಕರಣದ ಒಳಗಿನದೇ.

ಮದರಸಾ ಅರಬ್ಬಿಯ ವಿಷಯ ಹೇಳಿದಿರಿ, ಅದು ಸರಿ. ಅರಬ್ಬಿ ವೈಯಾಕರಣರು ಈ ಸರ್ವನಾಮವನ್ನು ‘ಆಇದ್’ ಅನ್ನುತ್ತಾರೆ. 13ನೇ ಶತಮಾನದ ಇಬ್ನ್ ಮಾಲಿಕ್ ತಮ್ಮ ಪದ್ಯರೂಪದ ವ್ಯಾಕರಣದಲ್ಲೇ ಇದಕ್ಕೆ ನಿಯಮ ಕೊಟ್ಟಿದ್ದಾರೆ, ಕ್ರಿಯಾಪದಕ್ಕೆ ಅಂಟಿದ ಕರ್ಮದ ಆಇದ್ ಅನ್ನು ಬಿಡುವುದು ಸಾಮಾನ್ಯ ಅಂತ. ಕುರಾನಿನ 25ನೇ ಅಧ್ಯಾಯದ 41ನೇ ವಚನದಲ್ಲಿ ‘ಅಲ್ಲಾಹನು ಕಳಿಸಿದ’ ಅನ್ನುವಾಗ ‘ಅವನನ್ನು’ ಇಲ್ಲ. ಶಿಷ್ಟ ಅರಬ್ಬಿಯಲ್ಲಿ ಆ ಜಾಗದಲ್ಲಿ ಎರಡೂ ಸರಿ. ಬೈರೂತಿನ ಬೀದಿಯಲ್ಲಿ ಒಂದೇ ಸರಿ. ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಅರಬ್ಬಿಯನ್ನೂ ಉದಾಹರಣೆಯಾಗಿ ಇಟ್ಟುಕೊಂಡು ಒಂದೇ ಸಮಾಜದ ಎರಡು ಮಟ್ಟದ ಭಾಷೆಯ ಬಗ್ಗೆ ಬರೆದರಲ್ಲ, ಇಲ್ಲಿ ಆ ಎರಡು ಮಟ್ಟದ ವ್ಯಾಕರಣವೇ ಬೇರೆ. ಹಾಗಾಗಿ ‘ಅರಬ್ಬಿಯಲ್ಲಿ ಹೀಗೆ’ ಅಂತ ಯಾರಾದರೂ ಬರೆದಿದ್ದರೆ ಯಾವ ಅರಬ್ಬಿ ಅಂತ ಕೇಳದೆ ಮುಂದೆ ಹೋಗಬೇಡಿ.

ಈಗ ದ್ವೀಪ. ಸುಲಭದ ಉತ್ತರ ಇದು: ದ್ವೀಪ ತಡೆಯುವುದು ಪದ ಹೊರಗೆ ಹೋಗುವುದನ್ನು. ಅರಬ್ಬಿಯಲ್ಲಿ ಏನೂ ಹೊರಗೆ ಹೋಗಿಲ್ಲ. ಹೊರಗೆ ಒಂದು ನಾಮಪದ ಇದೆ, ಒಳಗೆ ಅದನ್ನು ಸೂಚಿಸುವ ಸರ್ವನಾಮ ಇದೆ, ಅಷ್ಟೇ. ನಾವೂ ಕನ್ನಡದಲ್ಲಿ ‘ಕರೀಮ ಇದ್ದಾನಲ್ಲ, ಅವನನ್ನು ಪ್ರೀತಿಸುವ ಹುಡುಗಿ ನನಗೆ ಗೊತ್ತು’ ಅನ್ನುತ್ತೇವೆ. ‘ಕರೀಮ್, ಬಅರಿಫ್ ಲ್-ಬಿನ್ತ್ ಯಲ್ಲಿ ಬಿತ್‌ಹಿಬ್ಬ್-ಒ’ ಅನ್ನುವುದೂ ಅದೇ ಥರದ ವಾಕ್ಯ. ನಿಯಮ ಇಲ್ಲ ಅಂತಲ್ಲ, ನಿಯಮ ತಡೆಯಬೇಕಾದ ಚಲನೆ ಇಲ್ಲಿ ನಡೆದೇ ಇಲ್ಲ.

ಮರಳುದಾರಿ:

ಇದು ಅರ್ಥವಾಯಿತು, ಥ್ಯಾಂಕ್ಸ್. ಆದರೆ ಪ್ರಶ್ನೆ ಕೇಳುವಾಗ ಅವರು ಸರ್ವನಾಮ ಬಿಡುತ್ತಾರಲ್ಲ? ‘ಮೀನ್ ಶುಫ್ತ್?’ ಅಂದರೆ ‘ಯಾರನ್ನು ನೋಡಿದೆ?’, ಅಲ್ಲಿ ಬಾಲ ಇಲ್ಲ. ಅಲ್ಲಿ ಚಲನೆ ಇದೆ ಅಂತಾಯಿತಲ್ವಾ?

ಬೈರೂತ್_ಓದುಗ ಉತ್ತರಿಸಿದ್ದು:

ಹೌದು. ದ್ವೀಪದ ನಿಯಮ ಲೆಬನಾನಿನ ಮಾತಿನಲ್ಲಿ ಬದುಕಿದೆ ಅನ್ನುವುದಕ್ಕೆ ಅದೇ ನೇರ ಸಾಕ್ಷಿ. ಪ್ರಶ್ನೆಯಲ್ಲಿ ಎರಡು ದಾರಿ ಇದೆ, ಖಾಲಿ ಬಿಡುವುದು, ಸರ್ವನಾಮ ಇಡುವುದು. ದ್ವೀಪದ ಒಳಗೆ ಹೋದರೆ ಮೊದಲ ದಾರಿ ಮುಚ್ಚಿಹೋಗುತ್ತದೆ. ‘ಯಾಕೆಂದರೆ’ ಅನ್ನುವ ಉಪವಾಕ್ಯ ತೆಗೆದುಕೊಳ್ಳಿ:

ಅಯ್ಯ ಮುಮಸ್ಸಿಲ್ ಜಿಇಲ್ತೂ ಲಅನ್ನೊ ಲ್-ಮುಖ್ರಿಜ್ ಮಾ ಅಜಮ್-ಒ?

‘ಯಾವ ನಟ, ನೀವು ಬೇಜಾರಾದಿರಿ ಯಾಕೆಂದರೆ ನಿರ್ದೇಶಕ ಅವನನ್ನು ಕರೆಯಲಿಲ್ಲ?’ ‘-ಒ’ ಇದ್ದರೆ ಸರಿ. ತೆಗೆದರೆ ವಾಕ್ಯ ಬೀಳುತ್ತದೆ. ನಿಯಮ ಇಲ್ಲದ ಭಾಷೆಯಾಗಿದ್ದರೆ ತೆಗೆದರೂ ನಿಲ್ಲಬೇಕಿತ್ತು.

ಇನ್ನೊಂದು ವಿಷಯ ಗಮನಿಸಿ. ‘ಮೀನ್’ ಮತ್ತು ‘ಅಯ್ಯ’ ಸರ್ವನಾಮದ ಜೊತೆ ಹೊಂದುತ್ತವೆ. ‘ಶೂ’, ಅಂದರೆ ‘ಏನು’, ಹೊಂದುವುದಿಲ್ಲ. ‘ಶೂ ಶುಫ್ತ್?’ ಅನ್ನಬೇಕು, ‘ಶೂ ಶುಫ್ತ್-ಒ?’ ಅನ್ನುವ ಹಾಗಿಲ್ಲ. ನಡುವೆ ‘ಯಲ್ಲಿ’ ಹಾಕಿ ‘ಶೂ ಯಲ್ಲಿ ಶುಫ್ತ್-ಒ?’ ಅಂದರೆ ಸರಿಹೋಗುತ್ತದೆ, ಯಾಕೆಂದರೆ ಆಗ ಅದು ‘ನೀನು ನೋಡಿದ್ದು ಏನು?’ ಅನ್ನುವ ಬೇರೆ ರಚನೆ. ಯಾವುದೋ ಒಂದು ಗುಂಪಿನಿಂದ ‘ಯಾವುದು’ ಅಂತ ಆರಿಸಿ ಕೇಳುವ ಪದಕ್ಕೆ ಸರ್ವನಾಮ ಕೊಂಡಿಯಾಗಬಲ್ಲದು, ಬರೀ ‘ಏನು’ ಅನ್ನುವುದಕ್ಕೆ ಆಗಲಾರದು.

ಈಗ ಮೇಲಿನವರ ಉತ್ತರದ ಕೊನೆಯ ಭಾಗಕ್ಕೆ ಬರುತ್ತೇನೆ, ಅಲ್ಲಿ ನನಗೆ ಒಪ್ಪಿಗೆಯಿಲ್ಲ. ‘ಸರ್ವನಾಮ ಇದ್ದರೆ ಚಲನೆ ಇಲ್ಲ’ ಅನ್ನುವುದು ಬಹಳ ಕಾಲ ಎಲ್ಲರೂ ಒಪ್ಪಿದ್ದ ಮಾತು. ಲೆಬನಾನಿನ ಮಾತೇ ಅದನ್ನು ಅಲುಗಿಸಿತು. ಜೋಸೆಫ್ ಔನ್, ಲೀನಾ ಶುಯೇರಿ, ನಾರ್ಬರ್ಟ್ ಹಾರ್ನ್‌ಸ್ಟೈನ್ 2001ರಲ್ಲಿ ಮಂಡಿಸಿದ ವಾದ ನನಗೆ ಈ ಇಡೀ ವಿಷಯದಲ್ಲೇ ಅತಿ ಚೆಂದದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

‘ಅವಳ ಸೋಮಾರಿ ಶಿಷ್ಯ’ ಅನ್ನುವ ಪದಗುಚ್ಛವನ್ನು ವಾಕ್ಯದ ಮುಂದೆ ಇಡಿ. ಆಮೇಲೆ ‘ಅವನು ಪರೀಕ್ಷೆಯಲ್ಲಿ ಮೋಸ ಮಾಡಿದ ಅಂತ ಯಾವ ಟೀಚರಿಗೂ ಹೇಳುವುದು ನಮಗೆ ಬೇಡ’ ಅನ್ನಿ. ಲೆಬನಾನಿನ ಮಾತಿನಲ್ಲಿ ‘ಅವನು’ ಇರುವ ಕಡೆ ‘ಹುವ್ವೆ’ ಅಂತ ಪೂರ್ತಿ ಸರ್ವನಾಮ ಇರುತ್ತದೆ. ಈಗ ಪ್ರಶ್ನೆ: ‘ಅವಳ’ ಅಂದರೆ ಯಾರ? ಯಾರೋ ಒಬ್ಬ ಗೊತ್ತಿರುವ ಹೆಂಗಸಿನ ಅಂತ ಓದಬಹುದು. ಅದರ ಜೊತೆಗೆ ಇನ್ನೊಂದು ಓದೂ ಸಿಗುತ್ತದೆ. ಪ್ರತಿ ಟೀಚರಿಗೂ ಅವಳವಳ ಶಿಷ್ಯ, ಅಂದರೆ ಯಾವ ಟೀಚರಿಗೂ ಅವಳದೇ ಶಿಷ್ಯನ ವಿಷಯ ಹೇಳುವುದು ಬೇಡ. ಈ ಎರಡನೇ ಓದು ಸಿಗಬೇಕಾದರೆ ‘ಅವಳ’ ಅನ್ನುವುದು ‘ಯಾವ ಟೀಚರಿಗೂ’ ಅನ್ನುವುದರ ಕೆಳಗೆ, ಅದರ ಹಿಡಿತದಲ್ಲಿ ಇರಬೇಕು. ಕಿವಿಗೆ ಕೇಳುವ ವಾಕ್ಯದಲ್ಲಿ ಅದು ಎಲ್ಲಕ್ಕಿಂತ ಮುಂದಿದೆ, ಹಿಡಿತದ ಹೊರಗೆ. ಆದರೂ ಓದು ಸಿಗುತ್ತದೆ. ಅಂದರೆ ‘ಅವಳ ಸೋಮಾರಿ ಶಿಷ್ಯ’ ಮೊದಲು ಒಳಗೆ ‘ಹುವ್ವೆ’ಯ ಜೊತೆಗೇ ಇತ್ತು, ಅಲ್ಲಿಂದ ಹೊರಟು ಮುಂದೆ ಬಂದಿದೆ, ಅರ್ಥ ಕಟ್ಟುವಾಗ ಹಳೆಯ ಜಾಗವೂ ಲೆಕ್ಕಕ್ಕೆ ಬರುತ್ತದೆ. ಸರ್ವನಾಮ ಇದ್ದೂ ಚಲನೆ ನಡೆದಿದೆ.

ಅದೇ ಪದಗುಚ್ಛದ ಮುಂದೆ ಈಗ ‘ಅವನು ಬರುವ ಮೊದಲು ನಾವು ಯಾವ ಟೀಚರ ಜೊತೆಗೂ ಮಾತಾಡಲಿಲ್ಲ’ ಅಂತ ಇಡಿ. ‘ಬರುವ ಮೊದಲು’ ಅನ್ನುವ ಉಪವಾಕ್ಯ ದ್ವೀಪ. ವಾಕ್ಯ ಸರಿಯಾಗಿಯೇ ಇದೆ, ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಎರಡನೇ ಓದು ಮಾಯ! ‘ಅವಳ’ ಅಂದರೆ ಈಗ ಗೊತ್ತಿರುವ ಒಬ್ಬ ಹೆಂಗಸಿನ ಮಾತ್ರ. ಅಂದರೆ ಇಲ್ಲಿ ಪದಗುಚ್ಛ ಒಳಗಿಂದ ಬಂದಿಲ್ಲ, ಮೊದಲೇ ಮುಂದೆ ಹುಟ್ಟಿದೆ, ಒಳಗಿನ ಸರ್ವನಾಮ ಅದನ್ನು ಸೂಚಿಸುತ್ತಿದೆ ಅಷ್ಟೇ.

ಎರಡು ವಾಕ್ಯದಲ್ಲೂ ‘ಹುವ್ವೆ’ ಕೇಳಲು ಒಂದೇ. ಹುಟ್ಟು ಮಾತ್ರ ಬೇರೆ. ದ್ವೀಪದ ನಿಯಮ ಎಲ್ಲೂ ಹೋಗಿಲ್ಲ, ವಾಕ್ಯ ಸರಿಯೋ ತಪ್ಪೋ ಅನ್ನುವಲ್ಲಿ ಕಾಣದೆ, ಯಾವ ಅರ್ಥ ಸಿಗುತ್ತದೆ ಅನ್ನುವಲ್ಲಿ ಕಾಣುತ್ತದೆ. ಹಾಗಾಗಿ ಮರಳುದಾರಿ ಅವರೇ, ಜನ ಆ ವಾಕ್ಯವನ್ನು ಸಲೀಸಾಗಿ ಆಡುತ್ತಾರೆ ಅನ್ನುವುದೊಂದರಿಂದ ‘ನಿಯಮ ಇಲ್ಲ’ ಅಂತ ಹೇಳಲು ಬರುವುದಿಲ್ಲ.

ಇದೇ ಕೊನೆಯ ಮಾತು ಅಂತಲ್ಲ. ಜೋರ್ಡಾನಿನ ಮಾತಿನ ಮೇಲೆ ನುಮಾನ್ ಮಲ್ಕಾವಿ ಮತ್ತು ನಿಕೊಲಾ ಗಿಯೋ ಮಾಡಿದ ಕೆಲಸ ಇನ್ನೊಂದು ಕಡೆಗೆ ಎಳೆಯುತ್ತದೆ. ಅಲ್ಲಿ ‘ಹುವ್ವೆ’ಯಂಥ ಪೂರ್ತಿ ಸರ್ವನಾಮ ದ್ವೀಪದೊಳಗಿದ್ದರೆ ಎರಡನೇ ಓದು ಸಿಗುವುದಿಲ್ಲ, ಲೆಬನಾನಿನ ಹಾಗೇ. ಆದರೆ ಕ್ರಿಯಾಪದಕ್ಕೆ ಅಂಟಿಕೊಂಡ ಬಾಲದಂಥ ಸರ್ವನಾಮ ಇದ್ದರೆ ದ್ವೀಪದೊಳಗಿಂದಲೂ ಆ ಓದು ಸಿಗುತ್ತದೆ. ‘ಅವಳ ಸೋಮಾರಿ ಶಿಷ್ಯ, ಪ್ರತಿ ಟೀಚರೂ ಅವನು ನಕಲು ಮಾಡುವುದನ್ನು ನೋಡಿದಳು ಅನ್ನುವ ಕಾರಣಕ್ಕೆ ಹೆಡ್‌ಮಿಸ್ ಬೇಜಾರಾದರು’ ಅನ್ನುವ ಬಗೆಯ ವಾಕ್ಯ. ಇದು ನಿಜವಾದರೆ ಆ ಓದನ್ನು ಚಲನೆಯೊಂದರಿಂದಲೇ ವಿವರಿಸಲಾಗದು. ಆ ಬಾಲದ ಒಳಗೇ ‘ಅವಳ ಶಿಷ್ಯ’ ಅನ್ನುವುದರ ಮಾತಿಲ್ಲದ ಪ್ರತಿ ಅಡಗಿದೆ ಅನ್ನುವುದು ಅವರ ವಾದದ ದಿಕ್ಕು. ನನಗೆ ಈ ವಾದ ಬಲವಾಗಿ ಕಾಣುತ್ತದೆ. ಬಾಲವನ್ನೂ ಪೂರ್ತಿ ಸರ್ವನಾಮವನ್ನೂ ಒಂದೇ ಖಾನೆಗೆ ಹಾಕಿದ ಯಾವ ವಿವರಣೆಯೂ ಇನ್ನು ನಿಲ್ಲಲಾರದು ಅಂತ ನನ್ನ ಅನಿಸಿಕೆ.

ತುಂಗಾತೀರ ಕೇಳಿದ್ದು:

ಒಂದು ಅನುಮಾನ. ಇಷ್ಟೆಲ್ಲ ಒಳರಚನೆ ಬೇಕಾ? ಉದ್ದದ ವಾಕ್ಯದಲ್ಲಿ ಮೊದಲ ಪದ ಮರೆತುಹೋಗುತ್ತದೆ, ನೆನಪಿಗೆ ಆಸರೆ ಅಂತ ಸರ್ವನಾಮ ಸೇರಿಸುತ್ತೇವೆ. ಇಂಗ್ಲಿಷ್ ಮಾತಾಡುವವರೂ ಸಿಕ್ಕಿಹಾಕಿಕೊಂಡಾಗ ಕೊನೆಗೊಂದು ‘ಇಟ್’, ‘ಹಿಮ್’ ಹಾಕಿ ಪಾರಾಗುತ್ತಾರೆ. ಅರಬ್ಬಿಯದ್ದೂ ಅದೇ ಯಾಕಾಗಬಾರದು? ಇನ್ನೊಂದು, ಕನ್ನಡದಲ್ಲಿ ನಾವು ಯಾವ ಸರ್ವನಾಮವನ್ನೂ ಇಡುವುದಿಲ್ಲ. ‘ನಾನು ನೋಡಿದ ಹುಡುಗಿ’ ಅನ್ನುತ್ತೇವೆ, ‘ನಾನು ಅವಳನ್ನು ನೋಡಿದ ಹುಡುಗಿ’ ಅಂದರೆ ತಪ್ಪು. ಹಾಗಿದ್ದರೆ ನಮ್ಮಲ್ಲಿ ದ್ವೀಪ ಗಟ್ಟಿಯಾಗಿರಬೇಕಲ್ವಾ? ಆದರೂ ‘ಬರೆದವರು ಯಾರೆಂದು ಗೊತ್ತಿಲ್ಲದ ವಚನ’ ಅಂತ ಆರಾಮಾಗಿ ಹೇಳುತ್ತೇವಲ್ಲ.

ಪದಕಟ್ಟು:

ನೆನಪಿನ ಆಸರೆ ಅನ್ನುವುದು ಇಂಗ್ಲಿಷಿಗೆ ಹೊಂದಬಹುದು. ಆದರೆ ಅಲ್ಲೂ ಹೀಸ್ಟಂಡ್, ಶ್ಯಾಂಗ್, ಪೊಲಿನ್ಸ್ಕಿ 2011ರಲ್ಲಿ ತೋರಿಸಿದ ಪ್ರಕಾರ, ಸರ್ವನಾಮ ಹಾಕಿದ ಮಾತ್ರಕ್ಕೆ ದ್ವೀಪದ ವಾಕ್ಯಗಳನ್ನು ಜನ ಹೆಚ್ಚು ಒಪ್ಪುವುದಿಲ್ಲ. ಬಾಯಿಂದ ಬರುತ್ತದೆ, ಕೇಳಿದಾಗ ಸರಿ ಅನಿಸುವುದಿಲ್ಲ. ಲೆಬನಾನಿನವರಿಗೆ ‘ಶುಫ್ತ್-ಹಾ’ ಹಾಗಲ್ಲ. ‘ಲ್-ಬಿನ್ತ್ ಯಲ್ಲಿ ಶುಫ್ತ್-ಹಾ’ ಮೂರೇ ಪದದ ಗುಚ್ಛ. ಮೂರು ಪದದಲ್ಲಿ ಯಾರೂ ಹುಡುಗಿಯನ್ನು ಮರೆಯುವುದಿಲ್ಲ, ಆದರೂ ‘-ಹಾ’ ಬೇಕು.

ಬರಹದ ಅರಬ್ಬಿಯ ಮೇಲೆ ಟಕರ್, ಇದ್ರಿಸಿ, ಸ್ಪ್ರೌಸ್, ಅಲ್ಮೇಡಾ 2019ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೆ. ಸರ್ವನಾಮ ಎಲ್ಲ ದ್ವೀಪಗಳಿಗೂ ಒಂದೇ ಪ್ರಮಾಣದಲ್ಲಿ ನೆರವಾಗುವುದಿಲ್ಲ, ದ್ವೀಪದಿಂದ ದ್ವೀಪಕ್ಕೆ ವ್ಯತ್ಯಾಸ ಇದೆ ಅನ್ನುವುದು ಅದರ ಫಲಿತ. ಎಲ್ಲವೂ ನೆನಪಿನ ಭಾರವೇ ಆಗಿದ್ದರೆ ನೆರವು ಹೀಗೆ ದ್ವೀಪದ ಜಾತಿ ನೋಡಿ ಬದಲಾಗುವುದು ಯಾಕೆ ಅಂತ ಬೇರೆ ವಿವರಣೆ ಕೊಡಬೇಕಾಗುತ್ತದೆ. ಅದು ಬರಹದ ಅರಬ್ಬಿ ಅನ್ನುವುದು ನೆನಪಿರಲಿ, ಮನೆಮಾತಿಗೆ ಹಾಗೇ ಎತ್ತಿ ಹಚ್ಚುವಂತಿಲ್ಲ.

ಕನ್ನಡದ ನಿಮ್ಮ ಉದಾಹರಣೆ ತುಂಬ ಒಳ್ಳೆಯದು. ನನ್ನ ಯೋಚನೆ ಹೀಗೆ. ಕನ್ನಡದಲ್ಲಿ ಕರ್ತೃವನ್ನೂ ಬಿಡುತ್ತೇವೆ, ಕರ್ಮವನ್ನೂ ಬಿಡುತ್ತೇವೆ. ‘ಆ ಸಿನಿಮಾ ನೋಡಿದೆಯಾ?’ ಅಂದರೆ ‘ನೋಡಿದೆ’ ಅನ್ನುತ್ತೇವೆ, ಸಾಕು. ಲೆಬನಾನಿನವರು ‘ಶುಫ್ತ್-ಒ’ ಅನ್ನಬೇಕು, ‘ನೋಡಿದೆ-ಅದನ್ನು’. ಅವರಲ್ಲಿ ಕರ್ತೃ ಬಿಡಬಹುದು, ಗೊತ್ತಿರುವ ವಸ್ತುವಿನ ಬಗ್ಗೆ ಆಡುವಾಗ ಕರ್ಮ ಹಾಗೆ ಬಿಡುವಂತಿಲ್ಲ. ಹಾಗಾಗಿ ‘ಬರೆದವರು ಯಾರೆಂದು ಗೊತ್ತಿಲ್ಲದ ವಚನ’ ಅನ್ನುವಲ್ಲಿ ನಾವು ಖಾಲಿ ಅಂದುಕೊಂಡ ಜಾಗದಲ್ಲಿ ಸದ್ದಿಲ್ಲದ ಸರ್ವನಾಮ ಇರಬಹುದು. ಅವರದ್ದಕ್ಕೆ ಸದ್ದಿದೆ, ನಮ್ಮದಕ್ಕೆ ಇಲ್ಲ. ಮೇಲಿನ ಕರ್ತೃವಿನ ಜಾಗದಲ್ಲಿ ಅವರೂ ಸರ್ವನಾಮ ಆಡದಿರುವುದಕ್ಕೆ ಇದೇ ಪೂರ್ತಿ ಕಾರಣವಲ್ಲ, ಯಾಕೆಂದರೆ ಆಡಿದರೆ ತಪ್ಪೇ ಆಗುತ್ತದೆ. ಆದರೆ ಅಲ್ಲಿ ‘ರಾಹತ್’ನ ಕೊನೆಯ ‘ತ್’ ಆಗಲೇ ‘ಅವಳು’ ಅಂತ ಹೇಳಿ ಮುಗಿಸಿರುತ್ತದೆ.

ಪ್ರಶ್ನಪದದ ಕಡೆ ಬಂದರೆ ಕನ್ನಡಕ್ಕೆ ಜೊತೆಯಾಗುವುದು ಈಜಿಪ್ಟಿನ ಮಾತು. ಕೈರೋದವರು ‘ಶುಫ್ತ್ ಮೀನ್?’ ಅನ್ನುತ್ತಾರೆ, ‘ಮೀನ್’ ತನ್ನ ಜಾಗದಲ್ಲೇ ಕೂರುತ್ತದೆ. ‘ಯಾರು ಬರೆದ ಪುಸ್ತಕ ಓದಿದೆ?’ ಅಂತ ನಾವು ಗುಣವಾಕ್ಯದೊಳಗೇ ‘ಯಾರು’ ಇಟ್ಟು ಕೇಳುತ್ತೇವಲ್ಲ, ಕಣ್ಣಿಗೆ ಕಾಣುವಂತೆ ಏನೂ ಅಲ್ಲಾಡದ ಕಾರಣ ಅಲ್ಲಿ ದ್ವೀಪ ಅಡ್ಡ ಬರುವುದಿಲ್ಲ.

ಬೈರೂತ್_ಓದುಗ ಅವರ ಆಕ್ಷೇಪಕ್ಕೆ: ನೀವು ಹೇಳಿದ ಎರಡು ಓದಿನ ಸಾಕ್ಷಿ ಗಟ್ಟಿ. ದ್ವೀಪ ಇಲ್ಲದ ಕಡೆ ಚಲನೆ ಇರಬಹುದು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಊರ್ ಶ್ಲೊನ್ಸ್ಕಿ 1992ರಲ್ಲಿ ಹೀಬ್ರೂ ಮತ್ತು ಪ್ಯಾಲೆಸ್ತೀನ್ ಅರಬ್ಬಿ ಇಟ್ಟುಕೊಂಡು ಹೇಳಿದ್ದನ್ನೂ ಬಿಡಲು ನನಗೆ ಮನಸ್ಸಿಲ್ಲ. ಖಾಲಿ ಬಿಡಲು ವ್ಯಾಕರಣ ದಾರಿ ಕೊಡದ ಕಡೆ ಕೊನೆಯ ಉಪಾಯವಾಗಿ ಸರ್ವನಾಮ ಬರುತ್ತದೆ ಅನ್ನುವುದು ಅವರ ನಿಲುವು. ಮೇಲಿನ ಕರ್ತೃವಿನ ಜಾಗದಲ್ಲಿ ಮಾತ್ರ ಅದು ಬಾರದಿರುವುದಕ್ಕೆ ಈ ನಿಲುವಿನಲ್ಲಿ ಸಹಜ ಉತ್ತರ ಸಿಗುತ್ತದೆ: ಅಲ್ಲಿ ಖಾಲಿ ಬಿಡಲು ಆಗುತ್ತದೆ, ಹಾಗಾಗಿ ಸರ್ವನಾಮ ಬೇಕಿಲ್ಲ.

ಬೈರೂತ್_ಓದುಗ:

ಅದು ನ್ಯಾಯವಾದ ಮಾತು. ಬೇಕಿದ್ದರೆ ಎರಡನ್ನೂ ಸೇರಿಸಬಹುದು, ಹಾಗೆ ಪ್ರಯತ್ನಿಸಿದವರೂ ಇದ್ದಾರೆ.

ಮರಳುದಾರಿ ಅವರಿಗೆ ಒಂದು ಕೋರಿಕೆ. ನಿಮ್ಮ ಸುತ್ತ ಲೆಬನಾನ್, ಪ್ಯಾಲೆಸ್ತೀನಿನವರು ಇಬ್ಬರೂ ಇದ್ದಾರೆ, ಇದು ಎಲ್ಲರಿಗೂ ಸಿಗುವ ಅನುಕೂಲವಲ್ಲ. ‘ಈ ವಾಕ್ಯ ಸರಿಯಾ?’ ಅಂತ ಕೇಳಬೇಡಿ. ಹಾಗೆ ಕೇಳಿದ ತಕ್ಷಣ ಶಾಲೆಯ ಅರಬ್ಬಿ ಎದ್ದು ಬಂದು ಉತ್ತರ ಕೊಡುತ್ತದೆ, ಮನೆಮಾತು ಹಿಂದೆ ಸರಿಯುತ್ತದೆ. ಬದಲಿಗೆ ಸಣ್ಣ ಸನ್ನಿವೇಶ ಹೇಳಿ. ಮೂವರು ಟೀಚರುಗಳಿದ್ದಾರೆ, ಒಬ್ಬೊಬ್ಬರಿಗೂ ಒಬ್ಬ ಸೋಮಾರಿ ಶಿಷ್ಯ, ಅವರವರ ಶಿಷ್ಯನ ವಿಷಯ ಅವರವರಿಗೆ ತಿಳಿಯಬಾರದು. ಇದನ್ನು ಹೇಳಿ ಮುಗಿಸಿದ ಮೇಲೆ ವಾಕ್ಯ ಆಡಿ, ಈ ಕತೆಗೆ ಇದು ಹೊಂದುತ್ತದಾ ಅಂತ ಮಾತ್ರ ಕೇಳಿ. ಮೊದಲು ದ್ವೀಪ ಇಲ್ಲದ್ದು, ಆಮೇಲೆ ‘ಬರುವ ಮೊದಲು’ ಇರುವುದು, ಆಮೇಲೆ ಅದೇ ದ್ವೀಪದೊಳಗೆ ‘ಹುವ್ವೆ’ ಬದಲು ಕ್ರಿಯಾಪದಕ್ಕೆ ಅಂಟಿದ ‘-ಒ’ ಇರುವ ವಾಕ್ಯ. ಲೆಬನಾನಿನವರಿಗೂ ಆ ಮೂರನೇ ವಾಕ್ಯದಲ್ಲಿ ‘ಅವಳವಳ ಶಿಷ್ಯ’ ಅನ್ನುವ ಓದು ಸಿಕ್ಕರೆ ಜೋರ್ಡಾನಿನ ವಾದ ಅವರಿಗೂ ಹೊಂದುತ್ತದೆ, ಸಿಗದಿದ್ದರೆ ಎರಡು ಊರಿನ ಮಾತು ಇಲ್ಲಿ ಬೇರೆಯಾಗುತ್ತದೆ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ, ಒಟ್ಟಿಗೆ ಕೂರಿಸಿದರೆ ಒಬ್ಬರ ಉತ್ತರ ಇನ್ನೊಬ್ಬರನ್ನು ಎಳೆಯುತ್ತದೆ.

ಮರಳುದಾರಿ:

ಖಂಡಿತ ಕೇಳುತ್ತೇನೆ. ಲೆಬನಾನಿನ ತ್ರಿಪೋಲಿ ಕಡೆಯವರೊಬ್ಬರು, ಪ್ಯಾಲೆಸ್ತೀನಿನ ನಾಬ್ಲುಸ್ ಕಡೆಯವರಿಬ್ಬರು ಇದ್ದಾರೆ, ಜೋರ್ಡಾನಿನ ಅಮ್ಮಾನಿನವರೊಬ್ಬರನ್ನು ಹುಡುಕಬೇಕು. ಮೂರೂ ವಾಕ್ಯಗಳನ್ನು ಅವರ ಬಾಯಲ್ಲೇ ಹೇಳಿಸಿ, ಅವರವರು ಆಡಿದ ರೂಪದಲ್ಲೇ ಇಲ್ಲಿ ಬರೆದು ಹಾಕುತ್ತೇನೆ. ‘ಶೂ’ ಜೊತೆ ‘-ಒ’ ಬರುವುದಿಲ್ಲ ಅನ್ನುವುದನ್ನೂ ನಾಬ್ಲುಸಿನವರ ಹತ್ತಿರ ಕೇಳಿ ನೋಡುತ್ತೇನೆ.